ಪ್ರಾಗ್‌ನಿಂದ ಬುಡಾಪೆಸ್ಟ್‌ಗೆ ರೈಲಿನಲ್ಲಿ, ಅಪ್ಪ ಅಮ್ಮನ ಜೊತೆ: ಗೊತ್ತಿರುವವರು ದಾರಿ ಹೇಳಿ

ಮಲ್ಲಿಗೆನಾಡು:
ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಅಪ್ಪ ಅಮ್ಮನನ್ನು ಯುರೋಪಿಗೆ ಕರೆದುಕೊಂಡು ಹೊರಟಿದ್ದೇನೆ. ಪ್ರಾಗ್‌ನಲ್ಲಿ ನಾಲ್ಕು ರಾತ್ರಿ, ಬುಡಾಪೆಸ್ಟ್‌ನಲ್ಲಿ ನಾಲ್ಕು ರಾತ್ರಿ. ಬೆಂಗಳೂರಿನಿಂದ ದುಬೈ ಮೇಲೆ ಪ್ರಾಗ್‌ಗೆ ಹೋಗುತ್ತೇವೆ, ಬುಡಾಪೆಸ್ಟ್‌ನಿಂದ ವಾಪಸ್ ಬರುತ್ತೇವೆ. ನಡುವಿನ ದಾರಿ ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

ಅಪ್ಪ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿ ನಿವೃತ್ತರಾದವರು. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ರೈಲಿನಲ್ಲೇ ಹೋಗಬೇಕು ಅನ್ನೋದು ಅವರ ಬಹಳ ಹಳೆಯ ಆಸೆ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಕಷ್ಟ. ಇಬ್ಬರೂ ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಣ್ಣ ಮಾತ್ರ ವಿಮಾನವೇ ಸರಿ ಅನ್ನುತ್ತಿದ್ದಾನೆ. ಒಂದೂಕಾಲು ಗಂಟೆಯ ದಾರಿಗೆ ಏಳು ಗಂಟೆ ಯಾಕೆ ಕೂರಬೇಕು ಅಂತ ಅವನ ವಾದ.

ರೈಲಿನ ಟಿಕೆಟ್ ಎಲ್ಲಿ ತೆಗೆದುಕೊಳ್ಳಬೇಕು, ಯಾವ ಸೀಟು ಒಳ್ಳೆಯದು, ಗಡಿಯಲ್ಲಿ ಏನು ಕೇಳುತ್ತಾರೆ, ಊಟಕ್ಕೆ ಏನು ಮಾಡಬೇಕು, ಒಂದೂ ಗೊತ್ತಿಲ್ಲ. ಎರಡೂ ಊರಲ್ಲಿ ನಾಲ್ಕು ನಾಲ್ಕು ರಾತ್ರಿ ಇದ್ದರೆ ವೀಸಾ ಯಾವ ದೇಶದ್ದು ಅನ್ನೋದೂ ಗೊಂದಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಬರ್ನೋ ಕನ್ನಡಿಗ:
ಮೇಡಂ, ನಾನು ಆರು ವರ್ಷದಿಂದ ಚೆಕ್ ದೇಶದ ಬರ್ನೋದಲ್ಲಿದ್ದೇನೆ. ನೀವು ಹೋಗುವ ರೈಲು ನಮ್ಮೂರಿನ ಮೇಲೇ ಹೋಗುತ್ತದೆ. ಯೋಚನೆ ಮಾಡದೆ ರೈಲನ್ನೇ ಹಿಡಿಯಿರಿ.

ಅಣ್ಣನ ಒಂದೂಕಾಲು ಗಂಟೆ ಬರೀ ಆಕಾಶದಲ್ಲಿರುವ ಹೊತ್ತು. ಪ್ರಾಗ್ ವಿಮಾನ ನಿಲ್ದಾಣಕ್ಕೆ ರೈಲು ಇಲ್ಲ, ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಹೋಗಬೇಕು. ಎರಡು ಗಂಟೆ ಮುಂಚೆ ಅಲ್ಲಿರಬೇಕು. ಇಳಿದ ಮೇಲೆ ಲಗೇಜಿಗೆ ಕಾಯಬೇಕು, ಮತ್ತೆ ಊರೊಳಗೆ ಬರಬೇಕು. ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕಿದರೆ ಐದು ಗಂಟೆ ಸುಲಭವಾಗಿ ಆಗುತ್ತದೆ. ಅದರಲ್ಲಿ ಅಮ್ಮ ಎಷ್ಟು ನಡೆಯಬೇಕು, ಎಷ್ಟು ಹೊತ್ತು ಸಾಲಲ್ಲಿ ನಿಲ್ಲಬೇಕು, ಯೋಚಿಸಿ. ರೈಲು ಊರ ನಡುವೆ ಹತ್ತಿಸಿಕೊಂಡು ಊರ ನಡುವೆಯೇ ಇಳಿಸುತ್ತದೆ.

ನಿಮಗೆ ಬೇಕಾದದ್ದು ಹಗಲಿನ ಯೂರೋಸಿಟಿ, ಅಂದರೆ ದೇಶದಿಂದ ದೇಶಕ್ಕೆ ಹೋಗುವ ವೇಗದ ರೈಲು. ಸುಮಾರು ಎರಡು ಗಂಟೆಗೊಂದು ಇರುತ್ತದೆ. ಪ್ರಾಗ್, ಪಾರ್ಡುಬಿತ್ಸೆ, ಬರ್ನೋ, ಬ್ರ್ಜೆತ್ಸ್ಲಾವ್. ಅಲ್ಲಿಗೆ ಚೆಕ್ ದೇಶ ಮುಗಿಯಿತು. ಆಮೇಲೆ ಸ್ಲೋವಾಕಿಯಾದ ಬ್ರಾಟಿಸ್ಲಾವಾ, ನೋವೇ ಝಾಮ್ಕಿ, ಶ್ತೂರೊವೊ. ಅದಾದ ಮೇಲೆ ಹಂಗೇರಿ. ಮೂರು ದೇಶ, ಎರಡು ಗಡಿ, ಗಾಡಿ ಬದಲಿಸುವ ಗೋಜಿಲ್ಲ. ಅಪ್ಪನಿಗೆ ಒಂದರ ಬದಲು ಎರಡು ಗಡಿ ದಾಟಿದ ಹಾಗಾಯಿತು. ವಿಯೆನ್ನಾ ಮೇಲೆ ಹೋಗುವ ದಾರಿಯೂ ಇದೆ. ಅಲ್ಲಿ ಹೆಚ್ಚಾಗಿ ಗಾಡಿ ಬದಲಿಸಬೇಕಾಗುತ್ತದೆ, ಅಮ್ಮನಿಗೆ ಸುಮ್ನೆ ಶ್ರಮ.

ಟಿಕೆಟನ್ನು ಚೆಕ್ ರೈಲ್ವೆಯ, ಅಂದರೆ ಚೆಸ್ಕೇ ದ್ರಾಹಿಯ ಸ್ವಂತ ವೆಬ್‌ಸೈಟಿನಲ್ಲಿ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲೂ ಇದೆ. ನಮ್ಮಲ್ಲಿ ದೂರಕ್ಕೆ ತಕ್ಕ ಹಾಗೆ ದರ, ಇಲ್ಲಿ ಹಾಗಲ್ಲ. ಮೊದಲು ಕೊಂಡವರಿಗೆ ಅಗ್ಗ, ತಡ ಮಾಡಿದವರಿಗೆ ದುಬಾರಿ. ಅಗ್ಗದ ಟಿಕೆಟ್ ಅದೇ ದಿನದ ಅದೇ ರೈಲಿಗೆ ಮಾತ್ರ, ವಾಪಸ್ ಕೊಟ್ಟರೆ ಹಣ ಬರುವುದು ಅನುಮಾನ. ಹಾಗಾಗಿ ವೀಸಾ ಕೈಗೆ ಬಂದ ಮೇಲೇ ಕೊಳ್ಳಿ. ಟಿಕೆಟ್ ಜೊತೆ ಸೀಟನ್ನೂ ಕಾಯ್ದಿರಿಸಿ. ಅದಕ್ಕೆ ಬೇರೆ ದುಡ್ಡು ಕೇಳಿದರೂ ಬಿಡಬೇಡಿ.

ತೀರ್ಥಹಳ್ಳಿ ಅಕ್ಕ:
ಬರ್ನೋ ಸರ್ ಹೇಳಿದ್ದಕ್ಕೆ ನನ್ನದೊಂದು ಅನುಭವ ಸೇರಿಸುತ್ತೇನೆ. ಅತ್ತೆ ಮಾವನ ಜೊತೆ ಇದೇ ದಾರಿಯಲ್ಲಿ ಹೋಗಿದ್ದೆವು. ಟಿಕೆಟನ್ನು ಮಧ್ಯವರ್ತಿ ವೆಬ್‌ಸೈಟೊಂದರಲ್ಲಿ ತೆಗೆದುಕೊಂಡಿದ್ದೆ. ಸೀಟು ಒಟ್ಟಿಗೇ ಕೊಟ್ಟಿದ್ದೇವೆ ಅಂತ ಬರೆದಿತ್ತು. ಹತ್ತಿ ನೋಡಿದರೆ ಅತ್ತೆ ಒಂದು ಬೋಗಿಯಲ್ಲಿ, ನಾವು ಇನ್ನೊಂದರಲ್ಲಿ. ಪಕ್ಕದಲ್ಲಿದ್ದ ಹುಡುಗ ಎದ್ದು ಸೀಟು ಬಿಟ್ಟುಕೊಟ್ಟ ಅಂತ ಆಯಿತು. ಸ್ವಂತ ವೆಬ್‌ಸೈಟಿನಲ್ಲಿ ಬೋಗಿಯ ನಕ್ಷೆ ನೋಡಿ ನೀವೇ ಸೀಟು ಆರಿಸಿ.

ಆಗುವುದಾದರೆ ಮೊದಲ ದರ್ಜೆ ನೋಡಿ. ಒಂದು ಕಡೆ ಎರಡು, ಇನ್ನೊಂದು ಕಡೆ ಒಂದೇ ಸೀಟು ಇರುತ್ತದೆ, ಕಾಲು ಚಾಚಲು ಜಾಗ ಇರುತ್ತದೆ. ಮಂಡಿನೋವಿನವರಿಗೆ ಏಳು ಗಂಟೆಯಲ್ಲಿ ಅದು ದೊಡ್ಡ ವ್ಯತ್ಯಾಸ.

ಪೆಟ್ಟಿಗೆ ವಿಷಯ. ಕೂಲಿಯವರು ಸಿಗುವುದಿಲ್ಲ. ತೂಕ ಯಾರೂ ನೋಡುವುದಿಲ್ಲ, ಆದರೆ ನೀವೇ ಎತ್ತಬೇಕು. ಹಳೆಯ ಬೋಗಿಗಳ ಮೆಟ್ಟಿಲು ಕಡಿದಾಗಿರುತ್ತವೆ. ಒಂದು ದೊಡ್ಡ ಪೆಟ್ಟಿಗೆಗಿಂತ ಎರಡು ಮಧ್ಯಮ ಪೆಟ್ಟಿಗೆ ವಾಸಿ. ಹತ್ತುವಾಗ ಮೊದಲು ನೀವು ಹತ್ತಿ, ಪೆಟ್ಟಿಗೆಗಳನ್ನು ಒಳಗೆ ಎಳೆದುಕೊಳ್ಳಿ. ಆಮೇಲೆ ಅಮ್ಮನ ಕೈ ಹಿಡಿಯಿರಿ.

ಕಡಲತಡಿ:
ರಾತ್ರಿ ರೈಲು ಯಾಕೆ ಬೇಡ? ಪ್ರಾಗ್‌ನಿಂದ ಬುಡಾಪೆಸ್ಟ್‌ಗೆ ಮಲಗುವ ಬೋಗಿ ಇರುವ ಯೂರೋನೈಟ್ ಇದೆ. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ, ಒಂದು ಹಗಲೂ ಉಳಿಯುತ್ತದೆ. ನಮ್ಮವರಿಗೆ ರೈಲಿನಲ್ಲಿ ಮಲಗುವುದು ಹೊಸದೇನಲ್ಲ ಅಲ್ವಾ?

ಬರ್ನೋ ಕನ್ನಡಿಗ:
ಒಬ್ಬರೇ ಹೋಗುವುದಾದರೆ ನಾನೂ ಅದನ್ನೇ ಹೇಳುತ್ತಿದ್ದೆ ಸರ್. ಆದರೆ ಬೆಳಗ್ಗೆ ಇಳಿದ ಮೇಲೆ ಹೋಟೆಲಿನವರು ಸಾಮಾನ್ಯವಾಗಿ ಮಧ್ಯಾಹ್ನದ ತನಕ ರೂಮ್ ಕೊಡುವುದಿಲ್ಲ. ನಿದ್ದೆಗೆಟ್ಟ ವಯಸ್ಸಾದವರನ್ನು ಪೆಟ್ಟಿಗೆ ಜೊತೆ ಎಲ್ಲಿ ಕೂರಿಸುವುದು? ಉಳಿದ ಹಗಲು ಅಲ್ಲೇ ಹೋಗುತ್ತದೆ. ಇನ್ನೊಂದು ಮಾತು. ಈ ಅಪ್ಪ ರೈಲು ನೋಡಲೆಂದೇ ಹೊರಟವರು. ಅವರಿಗೆ ಕಿಟಕಿ ಬೇಕು. ಕತ್ತಲಲ್ಲಿ ಗಡಿ ದಾಟಿಸಿದರೆ ಅವರ ಆಸೆ ಅರ್ಧವೇ ತೀರಿದ ಹಾಗೆ.

ಕಡಲತಡಿ:
ಅಪ್ಪನ ವಿಷಯ ಸರಿಯಾಗಿ ಓದಿರಲಿಲ್ಲ. ಹಾಗಾದರೆ ಹಗಲೇ ಸರಿ.

ಹಳಿಪ್ರೀತಿ:
ಮೇಡಂ, ನಾನು ಹುಬ್ಬಳ್ಳಿಯವನು. ನಿಮ್ಮ ಅಪ್ಪನವರಿಗೆ ಈ ನಾಲ್ಕು ಮಾತು ಓದಿ ಹೇಳಿ, ಖುಷಿಪಡುತ್ತಾರೆ.

ಇದು ಬರೀ ದಾರಿ ಅಲ್ಲ, ಯುರೋಪಿನ ಬಹಳ ಹಳೆಯ ಹಳಿಗಳನ್ನು ಒಂದಕ್ಕೊಂದು ಪೋಣಿಸಿದ ಸರ. ವಿಯೆನ್ನಾದಿಂದ ಹೊರಟ ರೈಲು ದಾರಿ ಬರ್ನೋ ಮುಟ್ಟಿದ್ದು 1839ರಲ್ಲಿ. ನಿಮ್ಮ ರೈಲು ಬರ್ನೋದಿಂದ ಬ್ರ್ಜೆತ್ಸ್ಲಾವ್‌ಗೆ ಹೋಗುವುದು ಅದೇ ದಾರಿಯಲ್ಲಿ. ಕೊನೆಯ ತುಂಡು ಇನ್ನೂ ಚೆಂದ. ಹಂಗೇರಿಯ ಮೊಟ್ಟಮೊದಲ ಉಗಿಬಂಡಿ ಓಡಿದ್ದು ಪೆಸ್ಟ್ (ಈಗ ಬುಡಾಪೆಸ್ಟ್‌ನ ಒಂದು ಭಾಗ) ಮತ್ತು ವಾತ್ಸ್ ಊರಿನ ನಡುವೆ, 1846ರ ಜುಲೈ 15ರಂದು. ನೀವು ವಾತ್ಸ್ ದಾಟಿ ಬುಡಾಪೆಸ್ಟ್ ಕಡೆ ಹೋಗುವಾಗ ಇರುವುದು ಅದೇ ಜಾಡು. ನಮ್ಮ ಮುಂಬೈಯ ಬೋರಿಬಂದರ್‌ನಿಂದ ಠಾಣೆಗೆ ಮೊದಲ ರೈಲು ಹೊರಟಿದ್ದು 1853ರಲ್ಲಿ. ಹಂಗೇರಿಯದು ಅದಕ್ಕೂ ಏಳು ವರ್ಷ ಮೊದಲು!

ಅಪ್ಪ ವರ್ಕ್‌ಶಾಪಿನಲ್ಲಿ ಮೀಟರ್ ಗೇಜ್ ಬೋಗಿಗಳನ್ನೂ ನೋಡಿರುತ್ತಾರೆ. ಅದರ ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್, ನಮ್ಮ ಬ್ರಾಡ್ ಗೇಜ್ 1676. ಅಲ್ಲಿನದು ಎರಡರ ನಡುವೆ, 1435. ಬೋಗಿಯೊಳಗೆ ನಿಂತರೂ ಆ ಅಗಲದ ವ್ಯತ್ಯಾಸ ಅವರಿಗೆ ಗೊತ್ತಾಗಿಬಿಡುತ್ತದೆ.

ತಲೆಯ ಮೇಲಿನ ತಂತಿಯದೂ ಒಂದು ಕಥೆ. ಚೆಕ್ ದೇಶದ ಉತ್ತರ ಭಾಗದಲ್ಲಿ 3000 ವೋಲ್ಟ್ ಡಿಸಿ, ದಕ್ಷಿಣದಲ್ಲಿ ನಮ್ಮ ಹಾಗೆ 25,000 ವೋಲ್ಟ್ ಎಸಿ. ಪ್ರಾಗ್ ಬಿಟ್ಟಾಗ ಒಂದು ಬಗೆಯ ಕರೆಂಟು, ಬರ್ನೋ ಹೊತ್ತಿಗೆ ಇನ್ನೊಂದು. ಎರಡಕ್ಕೂ ಒಗ್ಗುವ ಎಂಜಿನ್ ಇರುವುದರಿಂದ ದಾರಿಯಲ್ಲಿ ಎಂಜಿನ್ ಬದಲಿಸಬೇಕಾಗಿಲ್ಲ. ಬದಲಾಗುವ ಜಾಗದಲ್ಲಿ ಎಂಜಿನ್ ಸ್ವಲ್ಪ ಹೊತ್ತು ಕರೆಂಟಿಲ್ಲದೆ, ಇದ್ದ ವೇಗದಲ್ಲೇ ಜಾರಿಕೊಂಡು ಹೋಗುತ್ತದೆ. ಫ್ಯಾನಿನ ಸದ್ದು ನಿಲ್ಲುವುದನ್ನು ಕೇಳಿಸಿಕೊಳ್ಳಲು ಅಪ್ಪನಿಗೆ ಹೇಳಿ.

ಎರಡೂ ತುದಿಯ ನಿಲ್ದಾಣಗಳಿಗೆ ಸಮಯ ಇಟ್ಟುಕೊಳ್ಳಿ. ಪ್ರಾಗ್‌ನಲ್ಲಿ ಎಲ್ಲರೂ ಕೆಳಗಿನ ಹೊಸ ಹಾಲ್‌ನಿಂದ ಓಡಾಡುತ್ತಾರೆ. ಮೇಲೆ ಯೋಸೆಫ್ ಫಾಂಟಾ ವಿನ್ಯಾಸ ಮಾಡಿದ, 1909ರಲ್ಲಿ ಮುಗಿದ ಹಳೆಯ ಗುಮ್ಮಟದ ಹಾಲ್ ಇದೆ. ಅದನ್ನು ನೋಡದೆ ಹೋಗಬೇಡಿ. ಬುಡಾಪೆಸ್ಟ್‌ನ ನ್ಯುಗತಿ ನಿಲ್ದಾಣವನ್ನು 1877ರಲ್ಲಿ ತೆರೆದರು. ಕಟ್ಟಿದ್ದು ಐಫೆಲ್ ಅವರ ಕಂಪನಿ. ಪ್ಯಾರಿಸ್ಸಿನ ಗೋಪುರಕ್ಕಿಂತ ಹನ್ನೆರಡು ವರ್ಷ ಹಿಂದಿನ ಕಬ್ಬಿಣದ ಕೆಲಸ ಅದು.

ಮಲ್ಲಿಗೆನಾಡು:
ಹಳಿಪ್ರೀತಿ ಸರ್, ಅಪ್ಪನಿಗೆ ಓದಿ ಹೇಳಿದೆ. ಎದ್ದು ಹೋಗಿ ಕನ್ನಡಕ ತಂದು ತಾವೇ ಇನ್ನೊಂದು ಸಲ ಓದಿದರು. 1846 ಅಂತ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಅಣ್ಣನೂ ಸುಮ್ಮನಾದ. ರೈಲು ಖಚಿತ.

ಇನ್ನು ವೀಸಾ, ಊಟ, ಸೀಟು.

ತೀರ್ಥಹಳ್ಳಿ ಅಕ್ಕ:
ವೀಸಾ ನಾನು ಹೇಳುತ್ತೇನೆ. ಮೂರೂ ದೇಶ ಶೆಂಗೆನ್ ಒಳಗೇ ಇವೆ, ಅಂದರೆ ಒಳಗಿನ ಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪು. ಒಂದೇ ವೀಸಾ ಸಾಕು. ಎಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಸಮ ಇದ್ದರೆ ಮೊದಲು ಕಾಲಿಡುವ ದೇಶ. ನಿಮ್ಮದು ನಾಲ್ಕು ನಾಲ್ಕು, ಮೊದಲು ಇಳಿಯುವುದು ಪ್ರಾಗ್. ಹಾಗಾಗಿ ಚೆಕ್ ದೇಶಕ್ಕೆ ಹಾಕಿ. ಬುಡಾಪೆಸ್ಟ್‌ನಲ್ಲಿ ಐದನೇ ರಾತ್ರಿ ಸೇರಿಸಿದರೆ ಅರ್ಜಿ ಹಂಗೇರಿಗೆ ಹೋಗುತ್ತದೆ. ಅದಕ್ಕೇ ಮೊದಲು ದಿನಗಳನ್ನು ಗಟ್ಟಿ ಮಾಡಿಕೊಳ್ಳಿ.

ದೊಡ್ಡವರಿಗೆ ಶುಲ್ಕ 90 ಯೂರೋ, 2024ರ ಜೂನ್‌ನಿಂದ. ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಚಿಕಿತ್ಸೆಗೆ ಆಗುವಷ್ಟು ಪ್ರಯಾಣ ವಿಮೆ ಇರಲೇಬೇಕು. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಹೊರಡುವ ಹದಿನೈದು ದಿನ ಮುಂಚೆ ಅನ್ನುವುದು ಕೊನೆಯ ಗಡುವು, ಅಲ್ಲಿಯತನಕ ಕಾಯಬೇಡಿ. ಮೇ ಪ್ರಯಾಣಕ್ಕೆ ಫೆಬ್ರವರಿಯಲ್ಲೇ ದಿನ ಗೊತ್ತು ಮಾಡಿಕೊಳ್ಳಿ.

ಬುಡಾಪೆಸ್ಟ್ ವಿದ್ಯಾರ್ಥಿ:
ಮೇಡಂ, ನಾನು ಇಲ್ಲಿ ಓದುತ್ತಿದ್ದೇನೆ. ಗಡಿಯ ವಿಷಯಕ್ಕೆ ಅಪ್ಪನವರನ್ನು ಈಗಲೇ ಸಿದ್ಧ ಮಾಡಿ. 2007ರ ಡಿಸೆಂಬರ್ 21ರಿಂದ ಮೂರೂ ದೇಶ ಶೆಂಗೆನ್‌ನಲ್ಲಿವೆ. ಗಡಿ ಬಂತು ಅಂತ ಸಾಮಾನ್ಯವಾಗಿ ಯಾರೂ ಬಂದು ಮುದ್ರೆ ಒತ್ತುವುದಿಲ್ಲ. ಫೋನಿಗೆ ಸ್ವಾಗತದ ಮೆಸೇಜ್ ಬಂದಾಗ ಗೊತ್ತಾಗುತ್ತದೆ. ಆದರೂ ಒಮ್ಮೊಮ್ಮೆ ಪೊಲೀಸರು ಹತ್ತಿ ನೋಡುತ್ತಾರೆ. ಪಾಸ್‌ಪೋರ್ಟ್ ಪೆಟ್ಟಿಗೆಯೊಳಗೆ ಬೇಡ, ಕೈಗೆ ಸಿಗುವ ಹಾಗಿರಲಿ. ಬೆರಳಚ್ಚು, ಫೋಟೋ ಎಲ್ಲಾ ಪ್ರಾಗ್‌ನಲ್ಲಿ ವಿಮಾನ ಇಳಿದಾಗಲೇ ಮುಗಿಯುತ್ತದೆ. 2025ರ ಅಕ್ಟೋಬರ್‌ನಿಂದ ಆ ಹೊಸ ಪದ್ಧತಿ ಶುರುವಾಗಿದೆ. ಅಲ್ಲಿ ಸಾಲು ಉದ್ದ ಇರಬಹುದು, ಅಮ್ಮನಿಗೆ ಗಾಲಿಕುರ್ಚಿ ಬೇಕು ಅಂತ ವಿಮಾನದ ಟಿಕೆಟಿನಲ್ಲೇ ಬರೆಸಿ.

ದುಡ್ಡು ಮೂರು ಬಗೆ. ಚೆಕ್‌ನಲ್ಲಿ ಕೊರುನಾ, ಸ್ಲೋವಾಕಿಯಾದಲ್ಲಿ ಯೂರೋ, ಇಲ್ಲಿ ಫೋರಿಂಟ್. ರೈಲಿಂದ ಇಳಿಯುವುದಿಲ್ಲವಾದರೆ ನಡುವಿನ ಯೂರೋ ಬಗ್ಗೆ ಯೋಚನೆ ಬೇಡ. ಮಿಕ್ಕ ಕೊರುನಾಗಳನ್ನು ಪ್ರಾಗ್ ನಿಲ್ದಾಣದಲ್ಲೇ ನೀರು, ಹಣ್ಣು ಕೊಂಡು ಮುಗಿಸಿ.

ಸೀಟು: ಬಲಗಡೆ. ಪ್ರಾಗ್‌ನಿಂದ ಬರುವಾಗ ಬಲಗಡೆ ಕಿಟಕಿಯೇ ಬೇಕು. ಕಾರಣ ಕೊನೆಯ ಒಂದು ಗಂಟೆ. ಶ್ತೂರೊವೊ ಆದ ಮೇಲೆ ರೈಲು ಡ್ಯಾನ್ಯೂಬ್ ನದಿಯ ಎಡದಂಡೆ ಹಿಡಿದುಕೊಂಡು ಬರುತ್ತದೆ. ನದಿ ನಿಮ್ಮ ಬಲಕ್ಕಿರುತ್ತದೆ. ಆಚೆ ದಡದಲ್ಲಿ ಎಸ್ತರ್ಗೋಮ್ ಚರ್ಚಿನ ಗುಮ್ಮಟ ಮೊದಲು ಕಾಣುತ್ತದೆ. ಹಂಗೇರಿಯಲ್ಲೇ ದೊಡ್ಡ ಚರ್ಚ್ ಅದು. ಆಮೇಲೆ ಗುಡ್ಡಗಳು ಹತ್ತಿರ ಬರುತ್ತವೆ. ಪೂರ್ವಕ್ಕೆ ಹರಿಯುತ್ತಿದ್ದ ನದಿ ಅಲ್ಲಿ ದಕ್ಷಿಣಕ್ಕೆ ತಿರುಗುತ್ತದೆ, ರೈಲೂ ಜೊತೆಗೇ ತಿರುಗುತ್ತದೆ. ಆ ತಿರುವಿನಲ್ಲಿ ಎದುರು ಗುಡ್ಡದ ತುದಿಗೆ ವಿಶೆಗ್ರಾದ್ ಕೋಟೆ. ನಾನು ಎಷ್ಟೋ ಸಲ ಹೋಗಿದ್ದೇನೆ, ಇವತ್ತಿಗೂ ಆ ಹೊತ್ತಿಗೆ ಪುಸ್ತಕ ಮುಚ್ಚಿಡುತ್ತೇನೆ. ಮೇ ತಿಂಗಳಲ್ಲಿ ರಾತ್ರಿ ಎಂಟರ ತನಕ ಬೆಳಕಿರುತ್ತದೆ. ಬೆಳಗ್ಗೆ ತಡವಾಗಿ ಹೊರಟರೂ ಇದು ತಪ್ಪುವುದಿಲ್ಲ.

ಬರ್ನೋ ಕನ್ನಡಿಗ:
ಬಲಗಡೆಗೆ ನನ್ನದೂ ಓಟು. ಆದರೆ ಬರ್ನೋಗೆ ಮುಂಚಿನ ಸ್ವಿತಾವಾ ಕಣಿವೆಯನ್ನೂ ಮರೆಯಬೇಡಿ. ಕಾಡು, ಸುರಂಗ, ಪಕ್ಕದಲ್ಲೇ ಸಣ್ಣ ನದಿ. ನಮ್ಮ ಸಕಲೇಶಪುರ ಘಾಟಿಯಷ್ಟು ಆಳವಿಲ್ಲ, ಆದರೆ ಅದೇ ತರಹದ ತಂಪು. ಬರ್ನೋ ದಾಟಿದರೆ ಬಯಲು, ಬ್ರಾಟಿಸ್ಲಾವಾ ಆದ ಮೇಲೂ ಬಯಲು. ನಿದ್ದೆ ಮಾಡುವುದಾದರೆ ನೋವೇ ಝಾಮ್ಕಿ ಆಸುಪಾಸಿನಲ್ಲಿ ಮಾಡಲಿ.

ಮಲ್ಲಿಗೆನಾಡು:
ಅಮ್ಮ ಕೇಳುತ್ತಿದ್ದಾರೆ, ಬ್ರಾಟಿಸ್ಲಾವಾದಲ್ಲಿ ಮೂರು ನಾಲ್ಕು ಗಂಟೆ ಇಳಿದು, ಊರು ನೋಡಿ, ಮುಂದಿನ ರೈಲು ಹಿಡಿಯಬಹುದಾ ಅಂತ.

ತೀರ್ಥಹಳ್ಳಿ ಅಕ್ಕ:
ಆಗುತ್ತದೆ, ಆದರೆ ನಾನಾದರೆ ಮಾಡುವುದಿಲ್ಲ. ಎರಡು ಟಿಕೆಟ್ ಬೇರೆ ಬೇರೆ ಕೊಳ್ಳಬೇಕು. ನಿಲ್ದಾಣ ಹಳೆ ಊರಿನಿಂದ ಸ್ವಲ್ಪ ದೂರ. ಪೆಟ್ಟಿಗೆ ಇಳಿಸಿ, ಇಟ್ಟು, ಮತ್ತೆ ತೆಗೆದು, ಮತ್ತೆ ಹತ್ತಿಸಿ. ಅಮ್ಮನ ಮಂಡಿಗೆ ಎರಡು ಸಲ ಮೆಟ್ಟಿಲು. ಅವರಿಗೆ ಆ ಊರು ನೋಡುವ ಆಸೆ ಇದ್ದರೆ ಬೇರೆ ದಿನ ಬುಡಾಪೆಸ್ಟ್‌ನಿಂದ ಕೈಬೀಸಿಕೊಂಡು ಹೋಗಿ ಬನ್ನಿ. ಎರಡೂವರೆ ಗಂಟೆ ದಾರಿ.

ಬರ್ನೋ ಕನ್ನಡಿಗ:
ಬೇರೆ ಬೇರೆ ಟಿಕೆಟಿನಲ್ಲಿ ಇನ್ನೊಂದು ತೊಂದರೆ ಇದೆ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಅಗ್ಗದ ಟಿಕೆಟ್ ಹೋದ ಹಾಗೆಯೇ. ಪೂರ್ತಿ ದಾರಿಗೆ ಒಂದೇ ಟಿಕೆಟ್ ಇದ್ದರೆ ಯುರೋಪಿನ ಕಾನೂನು ನಿಮ್ಮ ಕಡೆ ಇರುತ್ತದೆ. ಸೇರುವುದು ಒಂದು ಗಂಟೆಗಿಂತ ತಡವಾದರೆ ದರದ ಕಾಲು ಭಾಗ, ಎರಡು ಗಂಟೆ ದಾಟಿದರೆ ಅರ್ಧ ವಾಪಸ್ ಕೇಳಬಹುದು. ಕೆಲವು ವಿನಾಯಿತಿ ಇವೆ, ಆದರೂ ಟಿಕೆಟ್ ಎಸೆಯಬೇಡಿ.

ಹೊರಡುವ ಹಿಂದಿನ ವಾರ ವೇಳಾಪಟ್ಟಿ ಇನ್ನೊಂದು ಸಲ ನೋಡಿ. ಹಳಿ ಕೆಲಸ ನಡೆಯುತ್ತಿದ್ದರೆ ಚೆಕ್‌ನಲ್ಲಿ ವೀಲುಕಾ ಅಂತ ಬರೆದಿರುತ್ತಾರೆ. ಆ ದಿನ ಒಂದಷ್ಟು ದೂರ ಬಸ್ಸಿನಲ್ಲಿ ಸಾಗಿಸಬಹುದು. ಅಂಥ ದಿನ ಬಿಟ್ಟು ಬೇರೆ ದಿನ ಆರಿಸುವುದು ಒಳ್ಳೆಯದು. ಬುಡಾಪೆಸ್ಟ್‌ನಲ್ಲಿ ಯಾವ ನಿಲ್ದಾಣ ಅಂತಲೂ ಟಿಕೆಟಿನಲ್ಲಿ ನೋಡಿ. ನ್ಯುಗತಿ ಅಂದರೆ ಪಶ್ಚಿಮ, ಕೆಲೆಟಿ ಅಂದರೆ ಪೂರ್ವ. ಎರಡೂ ಬೇರೆ ಬೇರೆ ಕಡೆ ಇವೆ, ಹೋಟೆಲ್ ಅದಕ್ಕೆ ತಕ್ಕ ಹಾಗೆ ಗೊತ್ತು ಮಾಡಿ.

ಪ್ರಾಗ್ ನಿಲ್ದಾಣದ ಬೋರ್ಡಿನಲ್ಲಿ ಒದ್ಯೆಝ್ದಿ ಅಂದರೆ ಹೊರಡುವವು. ನಾಸ್ತುಪಿಶ್ತ್ಯೆ ಅಂದರೆ ಪ್ಲಾಟ್‌ಫಾರ್ಮ್, ಕೊಲೆಯ್ ಅಂದರೆ ಹಳಿ. ಎರಡು ನಂಬರ್ ಇರುತ್ತದೆ, ಎರಡನ್ನೂ ನೋಡಿ. ಹೊರಡಲು ಸ್ವಲ್ಪವೇ ಹೊತ್ತಿರುವಾಗ ನಂಬರ್ ಬರುತ್ತದೆ, ಆಗ ಎಲ್ಲರೂ ಒಟ್ಟಿಗೆ ನಡೆಯಲು ಶುರು ಮಾಡುತ್ತಾರೆ. ಲಿಫ್ಟ್ ಎಲ್ಲಿದೆ ಅಂತ ಹಿಂದಿನ ದಿನವೇ ಹೋಗಿ ನೋಡಿಕೊಂಡು ಬನ್ನಿ.

ಬುಡಾಪೆಸ್ಟ್ ವಿದ್ಯಾರ್ಥಿ:
ಊಟದ ಬಗ್ಗೆ. ರೈಲಿನಲ್ಲಿ ಊಟದ ಬೋಗಿ ಇರುತ್ತದೆ, ಪಿಂಗಾಣಿ ತಟ್ಟೆಯಲ್ಲಿ ಬಿಸಿ ಊಟ ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಎಲ್ಲರೂ ಹೇಳುವುದು ಸ್ಮಾಝೆನಿ ಸೀರ್, ಅಂದರೆ ಕರಿದ ಚೀಸ್. ಆದರೆ ಅದರ ಹೊರಪದರಕ್ಕೆ ಮೊಟ್ಟೆ ಹಾಕುತ್ತಾರೆ, ಜೊತೆಗೆ ಕೊಡುವ ಸಾಸಿನಲ್ಲೂ ಮೊಟ್ಟೆ ಇರುತ್ತದೆ. ನಿಮ್ಮವರಿಗೆ ಆಗುವುದಿಲ್ಲ. ಆಲೂಗಡ್ಡೆ, ಸಲಾಡ್, ಬ್ರೆಡ್, ಚಹಾ ನಂಬಬಹುದು. ಚೆಕ್‌ನಲ್ಲಿ ಬೆಝ್ ಮಸಾ ಅಂದರೆ ಮಾಂಸ ಬೇಡ, ಬೆಝ್ ವಯೆತ್ಸ್ ಅಂದರೆ ಮೊಟ್ಟೆ ಬೇಡ. ಇಲ್ಲಿಗೆ ಬಂದ ಮೇಲೆ ಲಾಂಗೋಶ್ ತಿನ್ನಿಸಿ, ನಮ್ಮ ದೊಡ್ಡ ಪೂರಿಯ ಹಾಗೆ ಇರುತ್ತದೆ. ಎಣ್ಣೆಯಲ್ಲಿ ಕರಿದದ್ದಾ, ಹಂದಿ ಕೊಬ್ಬಿನಲ್ಲಾ ಅಂತ ಮೊದಲು ಕೇಳಿ.

ತೀರ್ಥಹಳ್ಳಿ ಅಕ್ಕ:
ಊರಿಂದ ಕಟ್ಟಿಕೊಂಡು ಹೋಗುವಾಗ ಜೋಪಾನ. ಹಾಲು, ತುಪ್ಪ, ಪನೀರ್ ಯುರೋಪಿನೊಳಗೆ ಒಯ್ಯುವ ಹಾಗಿಲ್ಲ. ಹಸಿ ಕರಿಬೇವೂ ಬೇಡ. ಸೊಪ್ಪು, ಹಣ್ಣು, ತರಕಾರಿಗೆ ಪ್ರಮಾಣಪತ್ರ ಕೇಳುತ್ತಾರೆ. ಅದು ಬೇಡದ ಐದು ಹಣ್ಣುಗಳಲ್ಲಿ ತೆಂಗಿನಕಾಯಿ, ಬಾಳೆಹಣ್ಣು ಎರಡೂ ಇವೆ, ನಮ್ಮ ಪುಣ್ಯ. ಚಟ್ನಿಪುಡಿ, ಅವಲಕ್ಕಿ, ಎಣ್ಣೆಯಲ್ಲಿ ಮಾಡಿದ ಪುಳಿಯೋಗರೆ ಗೊಜ್ಜು ನಾವು ಒಯ್ದಿದ್ದೆವು. ಪ್ರಾಗ್‌ನಲ್ಲಿ ಅಡುಗೆಮನೆ ಇರುವ ಮನೆ ಬಾಡಿಗೆಗೆ ಹಿಡಿಯಿರಿ. ಹೊರಡುವ ಬೆಳಗ್ಗೆ ಅನ್ನ ಮಾಡಿ ಕಲಸಿ ಡಬ್ಬಿಗೆ ಹಾಕಿದರೆ ದಾರಿಯ ಊಟ ಮುಗಿಯಿತು.

ಮಲ್ಲಿಗೆನಾಡು:
ಎಲ್ಲರಿಗೂ ನಮಸ್ಕಾರ. ಹೋಗಿ ಬಂದೆವು. ನಿಮಗೆಲ್ಲ ಹೇಳದಿದ್ದರೆ ತಪ್ಪಾಗುತ್ತದೆ.

ಬಲಗಡೆ ಸೀಟು ಸಿಕ್ಕಿತು, ಮೊದಲ ದರ್ಜೆ. ಲಿಫ್ಟನ್ನು ಹಿಂದಿನ ದಿನವೇ ನೋಡಿದ್ದರಿಂದ ಅಮ್ಮ ಒಂದು ಮೆಟ್ಟಿಲೂ ಹತ್ತದೆ ಪ್ಲಾಟ್‌ಫಾರ್ಮ್ ತಲುಪಿದರು. ರೈಲು ಹತ್ತುವಾಗ ಮಾತ್ರ ಕಷ್ಟವಾಯಿತು. ಹಿಂದೆ ನಿಂತಿದ್ದ ಒಬ್ಬ ಹೆಂಗಸು ಕೇಳದೇ ಪೆಟ್ಟಿಗೆ ಎತ್ತಿ ಕೊಟ್ಟರು.

ಅಪ್ಪ ಕೂರಲೇ ಇಲ್ಲ. ಪಾರ್ಡುಬಿತ್ಸೆ ತನಕ ಬಾಗಿಲ ಕಿಟಕಿ ಹತ್ತಿರ ನಿಂತಿದ್ದರು. ಬರ್ನೋಗೆ ಮುಂಚೆ ಎಲ್ಲೋ ಒಂದು ಕಡೆ ಕೈ ಎತ್ತಿ ಸುಮ್ಮನಿರಿ ಅಂದರು. ಒಂದರೆಕ್ಷಣ ಫ್ಯಾನ್ ನಿಂತಿತು, ಮತ್ತೆ ಶುರುವಾಯಿತು. ಹಳಿಪ್ರೀತಿ ಸರ್, ಆಗ ಅವರ ಮುಖ ನೀವು ನೋಡಬೇಕಿತ್ತು.

ಪುಳಿಯೋಗರೆ ಬ್ರಾಟಿಸ್ಲಾವಾದಲ್ಲಿ ಮುಗಿಯಿತು. ಎದುರಿಗಿದ್ದ ಅಜ್ಜನಿಗೂ ಅಮ್ಮ ಒಂದು ತಟ್ಟೆ ಕೊಟ್ಟರು. ಅವರು ಸ್ಲೋವಾಕ್, ಅಮ್ಮ ಕನ್ನಡ. ಮಾತು ಅದರ ಪಾಡಿಗೆ ನಡೆಯಿತು. ಎಸ್ತರ್ಗೋಮ್ ಬಂದಾಗ ಆ ಅಜ್ಜನೇ ಬೆರಳು ತೋರಿಸಿ ನಮ್ಮನ್ನೆಲ್ಲ ಕಿಟಕಿಗೆ ಕರೆದರು. ನದಿ ತಿರುಗುವಲ್ಲಿ ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದಿತ್ತು. ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ವಾತ್ಸ್ ನಿಲ್ದಾಣದ ಬೋರ್ಡ್ ಕಂಡ ಕೂಡಲೇ ಅಪ್ಪ ಗಡಿಯಾರ ನೋಡಿ ಡೈರಿಯಲ್ಲಿ ಸಮಯ ಬರೆದುಕೊಂಡರು. ನ್ಯುಗತಿಯಲ್ಲಿ ಹಳಿ ಅಲ್ಲಿಗೇ ಮುಗಿಯುತ್ತದೆ, ಎಲ್ಲಾ ನೆಲಮಟ್ಟದಲ್ಲೇ ಇದೆ, ಮೆಟ್ಟಿಲಿನ ಕಾಟ ಇಲ್ಲ. ಅಮ್ಮ ಬೆಂಚಿನ ಮೇಲೆ ಕೂತರು. ಅಪ್ಪ ಕಬ್ಬಿಣದ ಕಂಬವೊಂದರ ಹತ್ತಿರ ಹೋಗಿ, ಕೈ ಇಟ್ಟು, ರಿವೆಟ್‌ಗಳನ್ನು ಒಂದೊಂದಾಗಿ ಮುಟ್ಟುತ್ತಾ ಮೇಲೆ ನೋಡುತ್ತಿದ್ದರು. ಹೋಟೆಲಿಗೆ ಹೋಗೋಣ ಅಂತ ನಾನು ಅರ್ಧ ಗಂಟೆ ಕರೆಯಲಿಲ್ಲ.

ಕಡಲತಡಿ:
ಓದಿ ಕಣ್ಣು ತುಂಬಿತು. ನಾನೂ ಸೆಪ್ಟೆಂಬರಿನಲ್ಲಿ ಅಪ್ಪನನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ, ಹಗಲು ರೈಲಿನಲ್ಲೇ. ನೀವು ಪ್ರಾಗ್ ಬಿಟ್ಟದ್ದು ಎಷ್ಟು ಹೊತ್ತಿಗೆ?

ಮಲ್ಲಿಗೆನಾಡು:
ಊಟದ ಡಬ್ಬಿ ಕಟ್ಟಿಕೊಂಡು ಹತ್ತರ ಮೇಲೆ ಹೊರಟೆವು. ಸೆಪ್ಟೆಂಬರಿನಲ್ಲಿ ಕತ್ತಲು ಬೇಗ ಬರುತ್ತದೆ, ನೀವು ಇನ್ನೂ ಮುಂಚಿನ ರೈಲು ಹಿಡಿಯಿರಿ. ನದಿಯ ತಿರುವು ಬೆಳಕಿರುವಾಗಲೇ ಸಿಗಲಿ.